ಅಳತಿ

ವಾಸ್ಕೋ ಪ್ಯಾಟ್ಯಾಗ, ಮೀನದ ಗಲ್ಲಿ ಮುಗಿಯೂ ಮೂಲ್ಯಾಗ
ಇಪ್ಪತ್ತೆರಡು ವರ್ಷ ಕುಂತೀನಿ.
ಕೈ ನೋಡಿದ್ರ ಸಾಕು, ಹೇಳತೀನಿ:
ಎರಡೂ ನಾಕು, ಎರಡೂ ಆರು.
ಮದಿವಿ ಹುಡುಗೀದು ಒಂದು ಅಳತಿ,
ಹಡೆದ ಮ್ಯಾಲ ಒಂದು,
ಗಂಡ ಹಡಗ ಹತ್ತಿ ಹ್ವಾದ ಮ್ಯಾಲ ಮತ್ತೊಂದು.
ಹೆಬ್ಬೆರಳ ಬುಡ ಹಿಚುಕಿದ್ರ ಎಲ್ಲಾ ಗೊತ್ತಾಗತೈತಿ.
ನನ್ನ ಎಡಗೈ ಒಂದ
ನಾ ಅಳೀಲಿಲ್ಲ.

ಝುವಾರಿ ಹೊಳಿ ದಾಟಿ ಬಾಂಬೋಳಿ ದವಾಖಾನಿ.
ಡಾಕ್ಟರು ಫಿಲ್ಮು ಬೆಳಕಿಗೆ ಹಿಡದು ಏನೋ ಅಂದ್ರು,
ವಾರ್ಡಿನ ಫಕೀರಪ್ಪ ಅದನ್ನ ಕನ್ನಡ ಮಾಡಿದ:
"ಹೆಚ್ಚಾಗೈತಂತ."
ನಮ್ಮ ಕಸುಬಿನ್ಯಾಗ ಬಳಿ ಒಡೀತು ಅನ್ನೂದಿಲ್ಲ,
ಹೆಚ್ಚಾತು ಅಂತೀವಿ,
ಚೂರು ಸೆರಗಿನ್ಯಾಗ ಕಟಗೊಂಡು ನಗತೀವಿ.
ನಾನೂ ನಕ್ಕೆ.

ಆಕಿ ನಗಲಿಲ್ಲ.
ಎಜಿಲ್ಡಾ ಸಿಸ್ಟರು. ಎದಿ ಗಡ್ಡಿಯವರಿಗಂತನ ಇರೂ ಸಿಸ್ಟರು,
ಕಲ್ತದ್ದ ಅದನ್ನ.
ಪರದೆ ಎಳದು, ಸ್ಟೂಲು ಜಗ್ಗಿ,
ಮೊಣಕಾಲಿಗೆ ಮೊಣಕಾಲು ತಾಗೂಹಂಗ ಕುಂತು,
ಕೊಂಕಣಿ, ಹಿಂದಿ, ಸಂತ್ಯಾಗ ಕಲ್ತ ಹರಕು ಕನ್ನಡ
ಮೂರೂ ಒಂದ ಮೊರದಾಗ ಹಾಕಿ ಕೇರಿ
ಒಡದು ಹೇಳಿದಳು:
ಎಲುಬಿಗೆ ಇಳದೈತಿ, ಗುರ್ಸಿದ್ದವ್ವಾ. ಪೂರಾ ಹೋಗೂದಿಲ್ಲ.
ಹಿಡದಿಡಾಕ ಔಷಧ ಅದಾವು.
ಎಷ್ಟು ದಿನ, ನನಗ ಗೊತ್ತಿಲ್ಲ.
ಗೊತ್ತಾದ್ರ ಮುಚ್ಚಿಡೂದಿಲ್ಲ.

ಒಡದದ್ದನ್ನ ಒಡೀತು ಅಂತ ಅಂದವರನ್ನ
ಇಷ್ಟು ವರ್ಷದಾಗ ನಾ ಕಂಡಿರಲಿಲ್ಲ.
ಕಿವಿ ಗುಂಯ್ ಅಂತು.
ಆಮ್ಯಾಲ ಹಸಿವಾತು. ಫಕೀರಪ್ಪ ಪಾವ್ ಭಾಜಿ ತಂದ.

ಬಾತ ಕೈಯಾಗ ಹನ್ನೊಂದು ಹಸರು ಬಳಿ ಕಚ್ಚಿ ಕುಂತಿದ್ದವು.
ಆಕಿ ಕಟ್ಟರ್ ತರಲಿಲ್ಲ.
ಸಾಬೂನ ನೊರಿ, ಒಂದು ಪ್ಲಾಸ್ಟಿಕ್ ಚೀಲ.
ಅದು ನನ್ನ ಇದ್ಯಾ! ನಾ ಹೇಳಿದೆ, ಆಕಿ ಮಾಡಿದಳು:
ಹೆಬ್ಬೆರಳು ಒಳಗ ಮಡಚು. ಹಂಗಲ್ಲ, ಹಿಂಗ.
ಒಂಬತ್ತು ಬಂದವು.
ಎರಡು "ಒಡದವು" ಅಂದಳು ಆಕಿ.
"ಹೆಚ್ಚಾದವು" ಅಂದೆ ನಾ.
ಇಬ್ಬರೂ ತಿದ್ದಿಕೊಳ್ಳಲಿಲ್ಲ.

ಸೊನ್ನಿಯಿಂದ ಹತ್ತರ ತನಕ ಬ್ಯಾನಿ ಎಷ್ಟು ಅಂತ ಕೇಳತಾರ.
ಹತ್ತು ಅಂದ್ರ? ನೂರಕ್ಕ ಹತ್ತೋ, ಡಜನ್ನಿಗೆ ಹತ್ತೋ?
ಎರಡೂ ಎಂಟರ ಕೈಗೆ
ಎರಡೂ ನಾಕು ಏರಿಸಿದಂಗ, ಅಂದೆ.
ಹಂಗ ಬರಕೊಂಡಳು.
ಈಗ ಸ್ವಾಮಾರಕ್ಕೊಮ್ಮೆ ಫೋನು. ಹಲೋ ಇಲ್ಲ, ಏನಿಲ್ಲ:
"ಇವತ್ತ ಯಾವ ಬಳಿ?"
"ನಾಕು. ರಾತ್ರಿ ಎಲ್ಲಾ ನಾಕು."
"ತಡಿ, ಡಾಕ್ಟರಿಗೆ ಕೇಳಿ ಗುಳಗಿ ಹೆಚ್ಚ ಮಾಡಸತೀನಿ.
ಹೊರಕಡಿ ಆತೇನು?"
"ಸಿಸ್ಟರ, ಮುಂದ ಗಿರಾಕಿ ಅದಾರ."
"ಇರಲಿ. ಆತೇನು?"

ಗಾಯ ನಾರಾಕ ಹತ್ತಿದಾಗ
ಬಸಲಿಂಗ ಹೊರಗ ಮಲಗಿದ. ಸೆಕಿ, ಅಂದ.
ಡಿಸೆಂಬರದಾಗ ಸೆಕಿ.
ಅಂಗಡ್ಯಾಗ ಮೀನದ ಗಲ್ಲಿ ನನ್ನ ಮಾನ ಕಾದಿತ್ತು.
ಯಾರಿಗೂ ಹೇಳಿರಲಿಲ್ಲ; ಆಕಿ ಕೇಳಿದಳು,
ಗಂಡ ಎಲ್ಲಿ ಮಲಗತಾನ, ಅಂತ.
ಮೂಗು ಮುಚ್ಚಲಿಲ್ಲ. ಗುಳಗಿ ಅರದು
ಅರಿಷಿಣ ಉದುರಿಸಿದಂಗ ಗಾಯಕ್ಕ ಉದುರಿಸಿದಳು.
ಗಂಡನ್ನ ಕರಸಿ ಕೈ ತೊಳಸಿ
ಕಲಿ, ಅಂದಳು.
ಕಲ್ತ. ಬಟ್ಟಿ ಬಿಚ್ಚೂ ಮುಂದ ಅವನ ಕೈ ನಡಗತಿದ್ದವು.
ನಾಕನೇ ದಿನ ಚಾಪಿ ಒಳಗ ಬಂತು.

ಆಕಿ ಕೈ ಬರಿದು. ಡ್ಯೂಟ್ಯಾಗ ಗಡಿಯಾರನೂ ಕಟ್ಟಾಂಗಿಲ್ಲಂತ.
ಟೇಪು ಹಿಡದು ನನ್ನ ತೋಳ ಅಳಿಯೂ ಮುಂದ
ಒಮ್ಮೆ ಸುಮ್ಮನ ಹಿಚುಕಿ ನೋಡೀನಿ, ಹೆಬ್ಬೆರಳ ಬುಡ.
ಎರಡೂ ಆರು.
ರಾತ್ರಿ ಪಾಳಿ ಮಾಡಿದ ಮರುದಿನ ಎರಡೂ ಎಂಟು.

ಒಂದು ಡಜನ್ನು ತಗದಿಟ್ಟೀನಿ.
ಡಬ್ಬಿ ಮ್ಯಾಲ ಹೆಸರು ಬರದಿಲ್ಲ.
ಮಗಳಿಗೆ ಹೇಳೀನಿ:
ಒಂದಿನ ಬರತಾಳ, ಬರಿಗೈಲೆ.
ದೊಡ್ಡ ಅಳತಿದು ಕೊಡು.
ರೊಕ್ಕ ಕೇಳಬ್ಯಾಡ.