ಟವೆಲಿನ ಕೆಳಗೆ

ಮಂಡಿಯ ಹಿಂದೆ, ಒಣಹುಲ್ಲಿನ ಮೇಲೆ ಕಾಲು ಚಾಚಿ
ತೂಕದ ಬಾಬಾಜಾನ್ ಕೇಳಿದ:
ಒಂಬತ್ತು ತಿಂಗಳು ಹಡಗಲ್ಲಿದ್ದೆಯಲ್ಲ, ಸಮುದ್ರ ಹೇಗಿತ್ತೋ?
ಜೂನ್ ತಿಂಗಳ ಶ್ರೀನಿವಾಸಪುರ.
ಬೇನೀಷಾ ಲಾರಿಗಟ್ಟಲೆ ಬಂದು ಬಿದ್ದಿತ್ತು,
ಸೊನೆಯ ಘಾಟಿಗೆ ಕಣ್ಣು ಉರಿಯುತ್ತಿತ್ತು.

ನಾನೆಲ್ಲಿ ನೋಡಿದೆ, ಅಂದೆ.
ಹಡಗಿನ ಹೊಟ್ಟೆಯೊಳಗೆ ಕಿಟಕಿ ಇಲ್ಲ.
ಕಲ್ಲಂಗಡಿಯನ್ನು ಹಂಸ ಮಾಡುವುದು,
ಪಪ್ಪಾಯಿಯನ್ನು ತಾವರೆ ಮಾಡುವುದು ನನ್ನ ಕೆಲಸ;
ಮೂರು ಸಾವಿರ ಜನ ತಿಂದು ಏಳುವಷ್ಟರಲ್ಲಿ
ನಾಳೆಯ ಹಂಸ ಕೊಕ್ಕು ಕೇಳುತ್ತದೆ.

ಒಂದು ದಿನ ಮಾತ್ರ ಇಳಿದೆ. ನಾಲ್ಕು ಗಂಟೆ ರಜ.
ದ್ವೀಪದ ಹೆಸರು ನನ್ನ ನಾಲಿಗೆಗೆ ಇನ್ನೂ ಹೊರಳುವುದಿಲ್ಲ.
ಕಟ್ಟಿಹಾಕಿದ ಹಡಗು ಆ ಊರಿಗಿಂತ ಎತ್ತರವಿತ್ತು.
ಮೊದಲು ಪ್ರಯಾಣಿಕರು ಇಳಿದರು, ಟೋಪಿ, ಮೈಗೆ ಎಣ್ಣೆ,
ಆಮೇಲೆ ನಾವು, ಬೇರೆ ಬಾಗಿಲಿಂದ.
ಜೊತೆಯವರು ಪುಕ್ಕಟೆ ವೈಫೈ ಸಿಗುವ ಗೋಡೆಗೆ ಓಡಿ
ಸಾಲಾಗಿ ಒರಗಿ ಕೂತು
ತಮ್ಮ ತಮ್ಮ ಮನೆಯೊಳಗೆ ಹೋದರು.
ನಾನೂ ಕೂತೆ. ಆದಿಲಕ್ಷ್ಮಿ ಫೋನು ಎತ್ತಲಿಲ್ಲ.
ಇಲ್ಲಿ ನಡುರಾತ್ರಿ.

ಎದ್ದು ನಡೆದೆ. ಬಿಸಿಲು ನಮ್ಮದೇ, ಆದರೆ ಒದ್ದೆ.
ರಸ್ತೆಯಲ್ಲಿ ಕೋಳಿ. ಒಂದು ಹುಣಸೆಮರ.
ತಿರುವಿನಲ್ಲಿ ಒಬ್ಬಳು ಮುದುಕಿ,
ಮರದ ಪೆಟ್ಟಿಗೆ ಬೋರಲು ಹಾಕಿ ಅದರ ಮೇಲೆ
ಐದೈದರ ಗುಡ್ಡೆ. ಮಾವು!

ನಗಬೇಡ ಬಾಬಾಜಾನ್, ಮೊಣಕಾಲು ಸಡಿಲವಾಯಿತು.
ಗಿಡ್ಡನೆಯ ಹಣ್ಣು, ಒಂದು ಬದಿ ಚಪ್ಪಟೆ,
ಮಲ್ಲಿಕಾ ಅಲ್ಲ, ರಸಪುರಿ ಅಲ್ಲ, ಯಾವ ಮನೆತನವೋ.
ಮೂಸಿದೆ. ತೊಟ್ಟಿನ ಬುಡಕ್ಕೆ ಹೆಬ್ಬೆರಳಿಟ್ಟೆ.
‘ಜೂಲಿ’ ಅಂದಳು.
‘ಚಲಪತಿ’ ಅಂದೆ.
ಹಣ್ಣಿನ ನೆತ್ತಿ ತಟ್ಟಿ ಮತ್ತೆ ಅಂದಳು: ‘ಜೂಲಿ.’
ಹಣ್ಣಿನ ಹೆಸರು ಕಣಯ್ಯಾ! ಮನೆಯಲ್ಲಿ ಇನ್ನೂ ನಂಬಿಲ್ಲ.

ಬೆಲೆಯನ್ನು ರಾಗವಾಗಿ ಹೇಳಿದಳು, ಕೈಗೆ ಸಿಗಲಿಲ್ಲ.
ನನ್ನ ಇಂಗ್ಲಿಷು ಅಡುಗೆಮನೆಯದು,
ಯೆಸ್ ಶೆಫ್, ಸಾರಿ ಶೆಫ್, ಅಷ್ಟರಲ್ಲೇ ಮುಗಿಯುತ್ತದೆ.
ಹೆಗಲ ಮೇಲೆ ಟವೆಲಿತ್ತು,
ಆ ಅಭ್ಯಾಸವನ್ನು ಹಡಗೂ ಬಿಡಿಸಲಿಲ್ಲ.
ತೆಗೆದು ಅವಳ ಕೈ ಮೇಲೆ ಹಾಸಿದೆ, ಒಳಗೆ ಕೈ ತೂರಿಸಿ
ದಲ್ಲಾಳಿ ಚೌಡರೆಡ್ಡಿ ಕಲಿಸಿದ ಹಾಗೆ
ಎರಡು ಬೆರಳು ಹಿಡಿದೆ.

ಕೈ ಎಳೆದುಕೊಳ್ಳಲಿಲ್ಲ.
ಒರಟು ಕೈ. ಸೊನೆ ಸುಟ್ಟ ಕಲೆಗಳು
ಬೆರಳಿಗೇ ತಿಳಿದವು, ಕಣ್ಣು ಬೇಕಾಗಲಿಲ್ಲ.
ತುಸು ಯೋಚಿಸಿ ಮೂರು ಒತ್ತಿದಳು.
ನಾನು ಎರಡು, ಮತ್ತೊಂದರ ನಡುಗೆಣ್ಣು.
ಬಿದ್ದು ಬಿದ್ದು ನಕ್ಕಳು ಮುದುಕಿ.
ಎದುರಿನ ಜಗುಲಿಯಲ್ಲಿ ಡಾಮಿನೋ ಆಡುತ್ತಿದ್ದ ಗಂಡಸರು
ತಲೆಯೆತ್ತಿ ನೋಡಿದರು, ಏನೂ ತಿಳಿಯಲಿಲ್ಲ ಅವರಿಗೆ.
ಟವೆಲು ಇರುವುದೇ ಅದಕ್ಕಲ್ಲವೇ.

ಕೊನೆಗೆ ಮೂರು ಡಾಲರೇ ಕೊಟ್ಟೆ.
ಹಡಗಿಗೆ ಹಣ್ಣು ಒಯ್ಯುವಂತಿಲ್ಲ, ಗೇಟಿನಲ್ಲಿ ನಾಯಿ ಮೂಸುತ್ತದೆ.
ಅಲ್ಲೇ ಕಟ್ಟೆಯ ಮೇಲೆ ಕೂತು ನಾಲ್ಕು ತಿಂದೆ.
ಇಪ್ಪತ್ತು ವರ್ಷ ಮಾವು ಆರಿಸಿ ಬದುಕಿದವನು
ದುಡ್ಡು ಕೊಟ್ಟು ಮಾವು ತಿಂದದ್ದು ಅದೇ ಮೊದಲು.
ಐದನೆಯದು ಇನ್ನೂ ಕಾಯಿ. ನಾಡಿದ್ದು ಸಂಜೆಗೆ ಹದ.
ನಾಡಿದ್ದು ಸಂಜೆ ನಾನು ಯಾವ ನೀರಿನ ಮೇಲೋ.
ಅವಳಿಗೇ ತಿರುಗಿ ಕೊಟ್ಟು ಎರಡು ಬೆರಳು ತೋರಿಸಿದೆ,
ಎರಡು ದಿನ, ಎಂದು.
ಅವಳು ಲೆಕ್ಕ ಅಂದುಕೊಂಡು
ಎರಡು ನಾಣ್ಯ ವಾಪಸ್ಸು ಕೊಟ್ಟಳು.

ಕೈಯೆಲ್ಲ ರಸ. ಇಳಿದು ಹೋಗಿ ತೊಳೆದುಕೊಂಡೆ.
ರಸ ಹೋಯಿತು, ಉಪ್ಪು ಉಳಿಯಿತು.
ಅಷ್ಟೇ ಬಾಬಾಜಾನ್, ನಾನು ಕಂಡ ಸಮುದ್ರ,
ಕೈ ತೊಳೆಯುವಷ್ಟು.

ಲಾರಿಯೊಂದು ಹಿಂದಕ್ಕೆ ಬರುತ್ತಿತ್ತು. ಅವನು ಎದ್ದು
ಲುಂಗಿಯ ಹುಲ್ಲು ಕೊಡವಿದ.
ಅದೆಲ್ಲ ಇರಲಿ, ಸಿಹಿ ಹೇಗಿತ್ತು?
ನಮ್ಮ ಬೇನೀಷಾಕ್ಕಿಂತ ಹೆಚ್ಚೋ, ಕಡಿಮೆಯೋ?

ಸುತ್ತ ತೋಟದವರು ನಿಂತಿದ್ದರು, ರೇಟಿಗೆ ಕಿವಿಕೊಟ್ಟು.
ಈಗ ಇಲ್ಲಿ ಎಲ್ಲ ಮೈಕಿನಲ್ಲಿ ಕೂಗಿ ಹೇಳುತ್ತಾರೆ.
ನಾನು ಹೆಗಲ ಟವೆಲು ಇಳಿಸಿದೆ.
ಕೈ ಕೊಡು, ಅಂದೆ.