ನಗ್ಗು

ಸಯನ್ ಸ್ಟೇಷನ್ನಿನಿಂದ ಹನ್ನೊಂದು ನಿಮಿಷದ ನಡಿಗೆ,
ಮಹಾಪಾಲಿಕೆಯ ಶಾಲೆ. ಕೆಳಗೆ ತಮಿಳು, ಮೇಲೆ ಉರ್ದು,
ನಡುವೆ ನಾವು: ಕನ್ನಡ, ಏಳನೇ ಇಯತ್ತೆ,
ಹತ್ತೊಂಬತ್ತು ಮಕ್ಕಳು, ಒಂದೂವರೆ ಫ್ಯಾನು.

ಇವತ್ತು ಗುಡ್ಡದ ಸಂದಿನಲ್ಲಿ ಸೂರ್ಯ ಬೇಡ, ಅಂದೆ.
ತೆಂಗಿನಮರ ಬೇಡ. ಹಂಚಿನ ಮನೆ,
ಮನೆಯ ಮುಂದೆ ಹೊಳೆ, ಬೇಡವೇ ಬೇಡ.
ಆ ಮನೆಯನ್ನು ನೀವು ಯಾರೂ ನೋಡಿಲ್ಲ.
ನಾನೂ ನೋಡಿಲ್ಲ.
ಚೀಲದಲ್ಲಿ ಏನಿದೆಯೋ ತೆಗೆಯಿರಿ.

ಐದು ರೂಪಾಯಿ ಕುರುಕಲಿನ ಹಳದಿ ಪೊಟ್ಟಣ,
ಲೋಕಲ್ಲಿನ ಹಳೇ ಪಾಸು, ನೀಲಿ ಮುಚ್ಚಳ,
ಕಡ್ಡಿಪೆಟ್ಟಿಗೆ (ನಿನ್ನ ಹತ್ತಿರ ಯಾಕೋ ಸಾಬಣ್ಣ, ಕಡ್ಡಿಪೆಟ್ಟಿಗೆ?),
ವಡಾಪಾವಿನ ಎಣ್ಣೆ ಕುಡಿದ ಪೇಪರು.

ಪೇಪರಿನಲ್ಲೊಬ್ಬ ಸಿನಿಮಾ ನಟಿ.
ವಿಜ್ಞಾನದ ಕಪಾಟಿನಿಂದ ಭೂತಗನ್ನಡಿ ತಂದು
ಅವಳ ಕೆನ್ನೆಯ ಮೇಲೆ ಹಿಡಿದೆ.
'ಮುಖಾನೇ ಇಲ್ರೀ ಟೀಚರ್! ಬರೇ ಚುಕ್ಕಿ!'
ದೂರದಿಂದ ಕೆನ್ನೆ, ಹತ್ತಿರ ಹೋದರೆ ರಂಗೋಲಿ.
'ತಾರೆ ಅಂದ್ರ ಚುಕ್ಕಿನೇ ಅಲ್ರೀ,' ಅಂದ ಸಾಬಣ್ಣ,
ಕಡ್ಡಿಪೆಟ್ಟಿಗೆ ಮೆಲ್ಲಗೆ ಜೇಬಿಗಿಳಿಸುತ್ತ.

ಪಾಪ್ ಆರ್ಟ್, ಬೋರ್ಡಿನ ಮೇಲೆ ಬರೆದೆ.
ಹಿಂದಿನ ಬೆಂಚು 'ಪಾಪ' ಎಂದು ಓದಿ ಕಿಸಕ್ಕೆಂದಿತು.
ಮೊಬೈಲು ತೋರಿಸಿದೆ: ಅರವತ್ತು ವರ್ಷದ ಹಿಂದೆ, ಸಮುದ್ರದಾಚೆ,
ಒಬ್ಬಾತ ಅಂಗಡಿಯ ಸೂಪಿನ ಡಬ್ಬಿಗಳನ್ನೇ ಬರೆದ,
ಸಾಲು, ಸಾಲು, ಸಾಲು. ಜನ ಗೋಡೆಯ ಮುಂದೆ ನಿಂತು
ದಿನಾ ಕಂಡೂ ಕಾಣದ್ದನ್ನು ಕಂಡರು.

ಬಸ್ಸಮ್ಮ ಬಾಗಿ ನೋಡಿದಳು.
'ಎಷ್ಟ್ ಡಬ್ಬಿ ಅದಾವ್ರಿ?'
ಮೂವತ್ತೆರಡು.
'ನಮ್ಮವ್ವ ದಿನಾ ನೂರೈವತ್ತು ತೊಳೀತಾಳ.'

ತೇರಾ ಕಂಪೌಂಡು, ತಗಡಿನ ಶೆಡ್ಡು,
ಹದಿನೈದು ಕಿಲೋದ ಎಣ್ಣೆ ಡಬ್ಬಿಗಳು,
ಸೋಡಾ ಹಾಕಿದ ಕುದಿನೀರು, ತಂತಿಯ ಜುಂಗು.
'ಇವಾ ಒಂದೂ ಡಬ್ಬಿ ತೊಳದಿಲ್ರೀ ಟೀಚರ್.'
ಹೇಗೆ ಗೊತ್ತು?
'ಎಲ್ಲಾ ಒಂದೇ ನಮೂನಿ ಅದಾವ.
ಒಂದರಾಗೂ ನಗ್ಗಿಲ್ಲ.'

ರಾತ್ರಿ ಕೂತು ಟಿಪ್ಪಣಿ ಮಾಡಿಕೊಂಡಿದ್ದೆ:
ಯಂತ್ರ, ಮಾರುಕಟ್ಟೆ, ಪುನರಾವರ್ತನೆಯ ಮಹತ್ವ.
ಮಡಚಿ ಪರ್ಸಿಗಿಟ್ಟೆ.

ಅವಳು ಬರೆದಳು ಇಪ್ಪತ್ತು,
ಪ್ರತಿ ಡಬ್ಬಿಗೊಂದು ಸೂರ್ಯಕಾಂತಿ.
ಒಂದರ ಸೊಂಟ ಒಳಸರಿದಿದೆ, ಒಂದರ ಬಾಯಿ ಹರಿದಿದೆ,
ಏಳನೆಯದರ ಹೂವಿಗೆ ಎಸಳೇ ಇಲ್ಲ, ಜುಂಗು ತಿಂದಿದೆ.
ಹದಿನಾಲ್ಕಕ್ಕೆ ಹಳದಿ ಬಳಪ ಮುಗಿಯಿತು.
ಮಿಕ್ಕವಕ್ಕೆ ಕುರುಕಲಿನ ಪೊಟ್ಟಣ ಹರಿದು ಅಂಟಿಸಿದಳು;
ಅಂಟಿಗೆ, ಮಧ್ಯಾಹ್ನದ ಖಿಚಡಿ.

ಕೆಳಗೆ, ಉರುಟು ಅಕ್ಷರದಲ್ಲಿ:
'ಇಪ್ಪತ್ತು ಡಬ್ಬಿ. ಇಪ್ಪತ್ತು ನಗು.'

ಗಕಾರಕ್ಕೆ ಒತ್ತಿಲ್ಲ.
ಕೆಂಪು ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ.
ಮರೆತಳೋ, ಬೇಕೆಂದೇ ಬಿಟ್ಟಳೋ,
ಕೇಳೋಣವೆಂದರೆ ಬೆಲ್ಲು. ಬಸ್ಸಮ್ಮ ಆಗಲೇ ಮೆಟ್ಟಿಲಿಳಿದಿದ್ದಾಳೆ,
ಲೋಡು ಬರುವ ಹೊತ್ತು, ಅವ್ವನಿಗೆ ನೀರು ಹಿಡಿಯಬೇಕು.

ಹಾಳೆ ಇನ್ನೂ ಹಸಿ.
ಹದಿನೇಳನೇ ಡಬ್ಬಿಯ ನಗ್ಗು ಹತ್ತಿ ಇಳಿದು
ಒಂದು ಇರುವೆ
ಅನ್ನದ ಕಡೆ ಹೊರಟಿದೆ.