ಗಿಟಾರ್, ಒಂದು

ವೋಚರಿನಲ್ಲಿ ಹೆಸರಿಗೆ ಜಾಗವಿರಲಿಲ್ಲ.
ಪಿಟೀಲು, ಇಪ್ಪತ್ತನಾಲ್ಕು. ಕೊಳಲು, ಎರಡು. ಗಿಟಾರ್, ಒಂದು.
ತಾಡದೇವದ ಸ್ಟುಡಿಯೋದ ಮೆಟ್ಟಿಲ ಕೆಳಗೆ
ಲಕೋಟೆ ಹಂಚುವ ಗುಮಾಸ್ತ ನಾನು, ಕುಮಟೆಯವನು.
ಆ ‘ಒಂದು’ ಅಂದರೆ ಕೈತಾನ್ ಬಾರೆಟ್ಟೊ.
ಗೋವೆಯ ದೀವಾರ್ ದ್ವೀಪದವ. ಧೋಬಿ ತಲಾವಿನಲ್ಲಿ
ಊರವರೇ ಕಟ್ಟಿದ ಕೂಡಿನಲ್ಲಿ ಪೆಟ್ಟಿಗೆಯಗಲದ ಜಾಗ,
ಗೋಡೆಗೊಂದು ಮೊಳೆ, ಮೊಳೆಗೊಂದು ಕೋಟು.
ಎಂಟಕ್ಕೆ ಮೊಣಕಾಲೂರಿ ಜಪಸರ,
ಒಂಬತ್ತಕ್ಕೆ ಚರ್ಚ್‌ಗೇಟಿನ ಹೋಟೆಲಿನಲ್ಲಿ ಬ್ಲೂಸ್.

ಅವನ ಕೊಂಕಣಿಗೂ ನನ್ನ ಕೊಂಕಣಿಗೂ ನಡುವೆ ಒಂದು ಹೊಳೆ.
ದೋಣಿ ಇಬ್ಬರಿಗೂ ಗೊತ್ತಿತ್ತು.
ಹಗಲು ಬರೆದದ್ದು ನುಡಿಸುತ್ತೀ, ರಾತ್ರಿ ಬರೆಯದ್ದು,
ನಿದ್ದೆ ಯಾವಾಗ ಮಾರಾಯ, ಎಂದರೆ
“ಡ್ರಮ್ಮಿನವನ ಸರದಿ ಬಂದಾಗ” ಅನ್ನುತ್ತಿದ್ದ.

ಒಮ್ಮೆ ತೋರಿಸಿದ. ಮೂರನೆಯ ತಂತಿಯನ್ನು ಒತ್ತಿ
ಮೇಲಕ್ಕೆ ತಳ್ಳಿದ,
ಬಾಗಿಲ ಕೆಳಗೆ ಕಾಗದ ತೂರಿಸುವ ಹಾಗೆ.
ನನ್ನಮ್ಮ ಪೆಟ್ಟಿಗೆ ಬಾರಿಸಿ ದೇವರನಾಮ ಹೇಳಿದವಳು;
ಅಷ್ಟು ಸ್ವರಜ್ಞಾನ ನನಗೂ ಇತ್ತು. ಗಾಂಧಾರ.
ಕೋಮಲವಲ್ಲ, ಶುದ್ಧವೂ ಅಲ್ಲ.
ಕಪ್ಪು ಮನೆಗೂ ಬಿಳಿ ಮನೆಗೂ ನಡುವಿನ ಸಂದಿಯಲ್ಲಿ
ಧೂಳು ಕೂರುತ್ತದಲ್ಲ, ಅಲ್ಲಿ.
“ಇಲ್ಲೇ ನನ್ನ ಬಾಡಿಗೆ ಮನೆ” ಎಂದ.

ಒಂದು ಜೂನ್. ನಾಯಕಿ ಕಿಟಕಿಗೆ ಹಣೆಯಾನಿಸುವ ಹಾಡು.
ಎರಡನೆಯ ಚರಣಕ್ಕೆ ಮುನ್ನ ಹನ್ನೊಂದು ಸೆಕೆಂಡು ಗಿಟಾರ್.
ಕಾಗದದಲ್ಲಿದ್ದದ್ದು ನೆಟ್ಟಗಿನ ಸ್ವರ.
ಹದಿಮೂರು ಟೇಕ್ ನೆಟ್ಟಗೇ ನುಡಿಸಿದ.
ಅಷ್ಟರಲ್ಲಿ ಊರಿಂದ ತಂತಿ ಬಂತು, ಅವನ ಹೆಸರಿಗೆ.
ತೆರೆದೆ, ಮಡಚಿದೆ, ಪೇಪರ್‌ವೇಟ್ ಇಟ್ಟೆ.
ಅರವತ್ತು ಜನರ ಕೂಲಿ ಗಂಟೆಯ ಲೆಕ್ಕದಲ್ಲಿ ಓಡುತ್ತಿತ್ತು.
ಹದಿನಾಲ್ಕನೆಯದರಲ್ಲಿ ಅವನು ಆ ಸಂದಿಗೆ ಇಳಿದ.
ಅವನಿಗಿನ್ನೂ ಗೊತ್ತಿರಲಿಲ್ಲ. ಇದನ್ನು ಮಾತ್ರ
ಆಣೆಯಿಟ್ಟು ಹೇಳಬಲ್ಲೆ.
ಗಾಜಿನಾಚೆ ಯಾರೋ ಕೈಯೆತ್ತಿದರು: ಇದೇ ಇರಲಿ.

ಮೊದಲು ಲಕೋಟೆ ಎಣಿಸಿದ, ಆಮೇಲೆ ತಂತಿ ಓದಿದ.
ಅದು ಬಂದ ಸಮಯ ನೋಡಿದ. ನನ್ನನ್ನು ನೋಡಿದ.
ಸಹಿ ಹಾಕಿ ಪೆನ್ನು ವಾಪಸು ಕೊಟ್ಟ.

ಆಮೇಲೆ ಯಂತ್ರ ಬಂತು. ಒಬ್ಬ ಹುಡುಗ, ಒಂದು ಪೆಟ್ಟಿಗೆ,
ಇಪ್ಪತ್ತನಾಲ್ಕು ಪಿಟೀಲೂ ಅದರೊಳಗೆ.
ಹೋಟೆಲಿನವರು ವೇದಿಕೆ ಕಿತ್ತು ನಾಲ್ಕು ಮೇಜು ಹಾಕಿದರು.
ಕೈತಾನ್ ದೀವಾರಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದನಂತೆ,
ಬೆರಳ ಗಿಣ್ಣು ಊದಿ ಅದನ್ನೂ ಬಿಟ್ಟನಂತೆ.
ನನ್ನ ಪಾಲಿಗೆ ಎಲ್ಲ ಅಂತೆ.
ಎಲೆಮರೆಯ ಕಾಯಿ ಎಂದರು ಯಾರೋ.
ಕಾಯಿಗೆ ತೊಟ್ಟಾದರೂ ಇರುತ್ತದೆ.

ಮೊನ್ನೆ ಬಾಂದ್ರಾದಲ್ಲಿ, ರಿಕ್ಷಾದ ರೇಡಿಯೋದಲ್ಲಿ, ಆ ಹಾಡು.
ಮೊದಲ ಚರಣ ಮುಗಿಯಿತು.
ಇಲ್ಲೇ ನಿಲ್ಲಿಸಿ, ಎಂದೆ.
ಮನೆ ಇನ್ನೂ ಒಂದು ಮೈಲಿ ಇತ್ತು.
ಚಿಲ್ಲರೆಯನ್ನು ಎರಡೆರಡು ಸಲ ಎಣಿಸಿ ಕೊಟ್ಟೆ.